ಮೂತ್ರದ ಲೆಕ್ಕ ಬರೆದಿಟ್ಟ ಹುಡುಗ

ಮಲೆನಾಡಿನಲ್ಲಿ ಯೂರಾಲಜಿ, ಅಂದರೆ ಮೂತ್ರದ ತೊಂದರೆಗಳ ವೈದ್ಯಕೀಯ ಮಾಡುವ ನನಗೆ ಅಡಿಕೆ ಕೊಯ್ಲು ಶುರುವಾದರೆ ಒಳಗೊಳಗೇ ಭಯ. ಮರ ಏರಿದವರಲ್ಲಿ ಯಾರಾದರೂ ಬಿದ್ದೇ ಬೀಳುತ್ತಾರೆ. ಜೀವ ಉಳಿದರೂ ಬೆನ್ನುಹುರಿಗೆ ಪೆಟ್ಟಾಗಿರುತ್ತದೆ. ಕಾಲು ಹೋಯಿತು ಅನ್ನುವ ದುಃಖದಲ್ಲಿ ಮನೆಯವರಿಗೆ ಮೂತ್ರದ ವಿಚಾರ ಹೊಳೆಯುವುದೇ ಇಲ್ಲ. ಹೊಳೆದರೂ ಕೇಳಲು ನಾಚಿಕೆ.

ಆ ಹುಡುಗನಿಗೆ 26 ವರ್ಷ. ಬಿದ್ದು ಏಳು ತಿಂಗಳಾಗಿತ್ತು. ಎದೆಮಟ್ಟದ 8ನೇ ಬೆನ್ನುಮೂಳೆಯ ಹತ್ತಿರ ಪೆಟ್ಟು. ಕೈಗೆ ಏನೂ ಆಗಿರಲಿಲ್ಲ. ಮೂತ್ರದ ಪೈಪ್ ತೆಗೆಸಿಕೊಂಡು ಮನೆಗೆ ಹೋಗಿದ್ದ, ಮುಂದೇನು ಅಂತ ಯಾರೂ ಹೇಳಿರಲಿಲ್ಲ. ತಾಯಿ ಹೊಟ್ಟೆ ಒತ್ತಿ ಒಂದಕ್ಕೆ ಮಾಡಿಸುತ್ತಿದ್ದರು. "ಈಗ ತಾನಾಗೇ ಹೋಗ್ತದೆ ಡಾಕ್ಟ್ರೇ, ಗುಣ ಆಗ್ತಾ ಇದೆ ಅಲ್ವಾ? ಬಟ್ಟೆ ಒದ್ದೆ ಆಗೋದಕ್ಕೆ ಒಂದು ಮಾತ್ರೆ ಕೊಡಿ ಸಾಕು" ಅಂದರು.

ಪೆಟ್ಟಾದ ಮೊದಲ ಕೆಲವು ವಾರ ಮೂತ್ರಚೀಲ ಸುಮ್ನೆ ಸೋತು ಮಲಗಿರುತ್ತದೆ. ಆಮೇಲೆ ಪೆಟ್ಟಿನ ಕೆಳಗಿನ ನರಗಳು ಮೆದುಳಿನ ಮಾತು ಕೇಳದೆ ತಮ್ಮಷ್ಟಕ್ಕೆ ಕೆಲಸ ಶುರು ಮಾಡುತ್ತವೆ. ಮನೆಯವರು ಇದನ್ನು ಗುಣ ಅಂದುಕೊಳ್ಳುತ್ತಾರೆ. ನನಗೆ ಹೆಚ್ಚು ಚಿಂತೆ ಆಗುವುದು ಇಲ್ಲಿಂದಲೇ.

ಮಾತ್ರೆಯನ್ನು ನಾನು ತಕ್ಷಣ ಬರೆಯುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿಗೆ ಮೂತ್ರ ಸೋರುತ್ತದೆ ಅಂತ ಚೀಲ ಸಡಿಲಿಸುವ ಮಾತ್ರೆ ಬರೆದಿದ್ದೆ. ವಾರದಲ್ಲಿ ಹೊಟ್ಟೆ ಉಬ್ಬಿಸಿಕೊಂಡು ಬಂದರು. ಪೈಪ್ ಹಾಕಿದರೆ 900 ಎಂಎಲ್. ನರ ಸತ್ತು ಚೀಲ ತುಂಬಿದ್ದೇ ಅವರಿಗೆ ತಿಳಿಯುತ್ತಿರಲಿಲ್ಲ. ಸೋರುತ್ತಿದ್ದದ್ದು ತುಂಬಿ ಚೆಲ್ಲುವ ನೀರು. ತಪ್ಪು ನನ್ನದು. ಸ್ಕ್ಯಾನ್‌ನಲ್ಲಿ ಎಷ್ಟು ಉಳಿದಿದೆ ಅಂತ ನೋಡದೆ ಆ ಮಾತ್ರೆಯನ್ನು ನಾನು ಮತ್ತೆಂದೂ ಬರೆದಿಲ್ಲ.

ಹುಡುಗನಿಗೆ ಮೊದಲು ಮೂರು ದಿನದ ಲೆಕ್ಕ ಬರೆಯಲು ಹೇಳಿದೆ. ಎಷ್ಟು ಕುಡಿದೆ, ಎಷ್ಟು ಹೋಯಿತು, ಯಾವಾಗ ಒದ್ದೆಯಾಯಿತು. ಕಿಡ್ನಿ ಹೇಗಿದೆ ಅಂತ ಹೇಳುವ ರಕ್ತದ ಕ್ರಿಯಾಟಿನಿನ್ ಸರಿಯಿತ್ತು. ಸ್ಕ್ಯಾನ್‌ನಲ್ಲಿ ಒಂದಕ್ಕೆ ಹೋದಮೇಲೂ ಚೀಲದಲ್ಲಿ 220 ಎಂಎಲ್. ಎಡಗಡೆ ಕಿಡ್ನಿ ಸ್ವಲ್ಪ ಊದಿತ್ತು.

ಆಮೇಲೆ ಯೂರೋಡೈನಾಮಿಕ್ಸ್, ಅಂದರೆ ಚೀಲ ತುಂಬುವಾಗ ಒಳಗಿನ ಒತ್ತಡ ಅಳೆಯುವ ಪರೀಕ್ಷೆ. ಮೂತ್ರಚೀಲಕ್ಕೊಂದು, ಗುದದ್ವಾರಕ್ಕೊಂದು ಸಣ್ಣ ಟ್ಯೂಬು. ಸಲೈನ್ ನಿಧಾನಕ್ಕೆ ಬಿಡುತ್ತಾ ಪರದೆ ನೋಡುತ್ತಾ ಕೂರಬೇಕು. 150 ಎಂಎಲ್ ತುಂಬುವವರೆಗೆ ಒತ್ತಡದ ಗೆರೆ ಮಟ್ಟಸ. 180 ದಾಟುತ್ತಿದ್ದ ಹಾಗೆ ಒತ್ತಡ ಜಿಗಿದು ಎಪ್ಪತ್ತಕ್ಕೆ ಹೋಯಿತು. ನಾಲ್ಕು ಹನಿ ಸೋರಿತು, ಅಷ್ಟೇ. ಹುಡುಗ ಫ್ಯಾನ್ ನೋಡುತ್ತಾ ಮಲಗಿದ್ದ, ಅವನಿಗೆ ಏನೂ ಗೊತ್ತಾಗಿರಲಿಲ್ಲ. ಈ ಒತ್ತಡ 40 ಸೆಂಟಿಮೀಟರ್ ನೀರಿನ ಮಟ್ಟ ದಾಟಿ ನಿಂತರೆ ಕಿಡ್ನಿಗೆ ಅಪಾಯ. ಚೀಲ ಹಿಂಡುವ ಹೊತ್ತಿಗೇ ಅದರ ಬಾಯಿಯೂ ಬಿಗಿಯುತ್ತಿತ್ತು. ತಾಯಿ ಪ್ರೀತಿಯಿಂದ ಒತ್ತುತ್ತಿದ್ದ ಹೊಟ್ಟೆ ಆ ಒತ್ತಡವನ್ನು ಇನ್ನೂ ಏರಿಸುತ್ತಿತ್ತು. ಪರದೆ ತೋರಿಸಿ ಹೇಳಿದೆ: "ಅಮ್ಮ, ಇವತ್ತಿಂದ ಒತ್ತಬೇಡಿ."

ಒದ್ದೆ ಬಟ್ಟೆ ಕಣ್ಣಿಗೆ ಕಾಣುತ್ತದೆ, ಕಿಡ್ನಿ ಕಾಣುವುದಿಲ್ಲ. ಹಾಗಾಗಿ ಎಲ್ಲರೂ ಬಟ್ಟೆಯ ಬಗ್ಗೆಯೇ ಮಾತಾಡುತ್ತಾರೆ.

ಚಿಕಿತ್ಸೆ ಅಂದರೆ ದಿನಕ್ಕೆ ಐದು ಸಲ ತಾನೇ ಪೈಪ್ ಹಾಕಿ ಖಾಲಿ ಮಾಡಿ, ಪೈಪ್ ತೆಗೆದುಬಿಡುವುದು. "ನಾನಾ? ಸೋಂಕು ಆಗಲ್ವಾ?" ಅಂದ. ಆಸ್ಪತ್ರೆಯಲ್ಲಿ ಗ್ಲೌಸ್, ಔಷಧಿ ನೀರು ನೋಡಿದವರೆಲ್ಲ ಕೇಳುವ ಪ್ರಶ್ನೆ ಇದು. 1972ರಲ್ಲಿ ಅಮೆರಿಕದ ಮಿಷಿಗನ್‌ನ ಜ್ಯಾಕ್ ಲ್ಯಾಪಿಡೆಸ್ ಅನ್ನುವ ವೈದ್ಯರು ತೋರಿಸಿಕೊಟ್ಟಿದ್ದೇ ಇದನ್ನು: ಸೋಪಿನಲ್ಲಿ ತೊಳೆದ ಕೈ ಸಾಕು, ಮುಖ್ಯವಾದದ್ದು ಚೀಲ ತುಂಬಿ ಬಿಗಿಯಲು ಬಿಡದಿರುವುದು.

ಕಲಿಸಿದ್ದು ನಮ್ಮ ಸಿಸ್ಟರ್. 12 ನಂಬರಿನ ಪೈಪು, ತುದಿಗೆ ಜೆಲ್ಲಿ. ಒಂದು ಗೇಣು ಒಳಗೆ ಹೋದಮೇಲೆ ತಡೆಯಿತು. ಹುಡುಗ ಬೆವರಿ ಕೈಬಿಟ್ಟ. "ತಳ್ಳಬೇಡ ತಮ್ಮ. ಹಾಗೇ ಹಿಡ್ಕೊಂಡಿರು. ಉಸಿರು ಬಿಡು" ಅಂದರು ಸಿಸ್ಟರ್. ಎರಡು ಉಸಿರಿನಲ್ಲಿ ಚೀಲದ ಬಾಯಿ ಸಡಿಲಾಗಿ ಪೈಪ್ ಜಾರಿತು. ಮಗ್ಗಿಗೆ ಮೂತ್ರ ಬಿದ್ದ ಸದ್ದು ಕೇಳಿ ಅವನು ನನ್ನ ಮುಖ ನೋಡಿದ. ನಾಲ್ಕನೇ ದಿನ ತಾಯಿಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ. ಏಳು ತಿಂಗಳಲ್ಲಿ ಅವನು ಒಬ್ಬನೇ ಮಾಡಿಕೊಂಡ ಮೊದಲ ಕೆಲಸ ಅದು ಅಂತ ಆಮೇಲೆ ಗೊತ್ತಾಯಿತು.

ಚೀಲದಲ್ಲಿ ಉಳಿಯುವುದನ್ನು ಖಾಲಿ ಮಾಡಲು ಪೈಪ್ ಇದೆಯಲ್ಲ, ಈಗ ಮಾತ್ರೆ ಕೊಡಬಹುದಿತ್ತು. ಚೀಲ ಸಡಿಲಿಸುವ ಆಕ್ಸಿಬ್ಯುಟಿನಿನ್ ಶುರು ಮಾಡಿದೆ. ಬಾಯಿ ಒಣಗಿತು, ಮಲಬದ್ಧತೆ ಜಾಸ್ತಿಯಾಯಿತು. ಬೆನ್ನುಹುರಿ ಪೆಟ್ಟಿನವರಿಗೆ ಅದೇ ದೊಡ್ಡ ಕಾಟ. ಮಾತ್ರೆ ಬದಲಿಸಿ ನೋಡಿದರೂ ಒತ್ತಡ ಸಾಕಷ್ಟು ಇಳಿಯಲಿಲ್ಲ. ಕೊನೆಗೆ ದುರ್ಬೀನು ಹಾಕಿ ಮೂತ್ರಚೀಲದ ಗೋಡೆಗೆ ಸ್ನಾಯು ಸಡಿಲಿಸುವ ಬೊಟಾಕ್ಸ್ ಅನ್ನುವ ಔಷಧಿ 200 ಯೂನಿಟ್ ಚುಚ್ಚಿದೆ. ಖರ್ಚಿನ ಬಾಬ್ತು, ಅದಕ್ಕೇ ಕೊನೆಗೆ ಇಟ್ಟುಕೊಂಡಿದ್ದೆ. ಮೂರು ತಿಂಗಳ ನಂತರ ಚೀಲ 400 ಎಂಎಲ್ ಹಿಡಿಯುತ್ತಿತ್ತು, ಒತ್ತಡ ಇಪ್ಪತ್ತರ ಒಳಗೆ. ಕಿಡ್ನಿಯ ಊತ ಇಳಿದಿತ್ತು.

ಇನ್ನೊಂದು ಮಾತು. ಪೈಪ್ ಹಾಕಿಕೊಳ್ಳುವವರ ಮೂತ್ರದಲ್ಲಿ ಸಾಮಾನ್ಯವಾಗಿ ಕ್ರಿಮಿ ಇರುತ್ತದೆ. ಜ್ವರ ಇಲ್ಲ, ಹೊಸದಾಗಿ ಸೋರುತ್ತಿಲ್ಲ, ಬರೀ ಕಲ್ಚರ್ (ಮೂತ್ರದಲ್ಲಿ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟಿನಲ್ಲಿ ಕ್ರಿಮಿ ಬಂದಿದೆ ಅಂತ ಆಂಟಿಬಯೋಟಿಕ್ ನುಂಗಿಸಬೇಡಿ. ನಿಜಕ್ಕೂ ಬೇಕಾದ ದಿನ ಅದು ಕೆಲಸ ಮಾಡುವುದಿಲ್ಲ.

ಬೊಟಾಕ್ಸ್ ಶಾಶ್ವತ ಅಲ್ಲ, ಸಾಮಾನ್ಯವಾಗಿ 6ರಿಂದ 9 ತಿಂಗಳಿಗೆ ಇಳಿಯುತ್ತದೆ. ಹುಡುಗ ನೂರು ಪುಟದ ನೋಟ್‌ಬುಕ್ಕಿನಲ್ಲಿ ಈಗಲೂ ಲೆಕ್ಕ ಬರೆಯುತ್ತಾನೆ. ಕಳೆದ ವಾರ ಫೋನ್ ಮಾಡಿದ್ದ. "ಡಾಕ್ಟ್ರೇ, ಬಟ್ಟೆ ಇನ್ನೂ ಒದ್ದೆ ಆಗಿಲ್ಲ. ಆದ್ರೆ ಒಂದೊಂದು ಸಲಕ್ಕೆ ನಾನೂರು ಬರ್ತಿದ್ದದ್ದು ಇನ್ನೂರೈವತ್ತಕ್ಕೆ ಇಳಿದಿದೆ. ನೀರು ಕುಡಿಯೋದು ಕಮ್ಮಿ ಮಾಡಿಲ್ಲ. ಪರೀಕ್ಷೆಗೆ ಬರ್ಲಾ?"

ಸೋಮವಾರ ಬಾ, ನೋಟ್‌ಬುಕ್ಕೂ ತಗೊಂಡು ಬಾ ಅಂದೆ.