ಪೆಡಲ್ ಸ್ಟೀಲ್‌ನಲ್ಲಿ ಸಸ್ಟೇನ್ ಎಲ್ಲಿ ಸೋರ್ತಿದೆ ಅಂತ ಕಂಡುಹಿಡಿಯೋದು ಹೇಗೆ

ಪೆಡಲ್ ಸ್ಟೀಲ್ ಅಂದ್ರೆ ಕಾಲಿನ ಮೇಲೆ ಅಡ್ಡ ನಿಲ್ಲಿಸಿ, ತಂತಿ ಮೇಲೆ ಲೋಹದ ಬಾರ್ ಜಾರಿಸಿ, ಪೆಡಲ್ ಒತ್ತಿ ಸ್ವರ ಬದಲಾಯ್ಸಿ ನುಡಿಸೋ ಗಿಟಾರ್; ಮೀಟಿದ ಸ್ವರ ಎಷ್ಟು ಹೊತ್ತು ಉಳಿಯುತ್ತೆ ಅನ್ನೋದೇ ಸಸ್ಟೇನ್. ಇದರ ಟೋನ್ ಬಗ್ಗೆ ಮಾತು ಬಂದ್ರೆ ಸಾಕು ಎಲ್ರೂ ಮೊದಲು ಪಿಕಪ್ (ತಂತಿಯ ಕಂಪನನ ವಿದ್ಯುತ್ ಸಂಕೇತ ಮಾಡೋ ಭಾಗ) ಬದಲಾಯ್ಸಿ ಅಂತಾರೆ, ಆಮೇಲೆ ಮರ ಯಾವ್ದು ಅಂತ ಕೇಳ್ತಾರೆ. ನನ್ನ ಪ್ರಕಾರ ಅವೆರಡೂ ಆಮೇಲಿನ ಮಾತು. ತಂತಿಯ ಎರಡು ತುದಿ ಎಷ್ಟು ಗಟ್ಟಿಯಾಗಿ ಕೂತಿವೆ ಅನ್ನೋದನ್ನ ಮೊದಲು ನೋಡ್ಬೇಕು. ಮೀಟಿದ ತಂತಿಯ ಶಕ್ತಿ ಹೆಚ್ಚಾಗಿ ಸೋರೋದೇ ತುದಿಗಳಲ್ಲಿ, ಅಲ್ಲಿ ಭಾರವಾದ ಗಟ್ಟಿ ಲೋಹ ಇದ್ರೆ ಕಂಪನ ತಿರುಗಿ ತಂತಿಗೇ ಬರುತ್ತೆ, ಸಡಿಲ ಜಾಯಿಂಟ್ ಇದ್ರೆ ಅಲ್ಲೇ ಸತ್ತು ಹೋಗುತ್ತೆ.

ಹಾಗಾಗಿ ಮೊದಲು ಆಂಪ್ ಆಫ್ ಮಾಡಿ. ಒಂದೊಂದೇ ತಂತಿನ ಓಪನ್ ಆಗಿ, ಅಂದ್ರೆ ಬಾರ್ ಇಡದೆ, ಮೀಟಿ ಎಷ್ಟು ಹೊತ್ತು ಉಳಿಯುತ್ತೆ ಅಂತ ಕೇಳಿ, ಕೇಳಿಸ್ಲಿಲ್ಲ ಅಂದ್ರೆ ಎಂಡ್‌ಪ್ಲೇಟ್ (ಬಾಡಿಯ ತುದಿಯಲ್ಲಿರೋ ಲೋಹದ ತಟ್ಟೆ) ಹತ್ರ ಕಿವಿ ಇಡಿ. ಆಮೇಲೆ 3ನೇ ಫ್ರೆಟ್‌ನಲ್ಲಿ ಬಾರ್ ಇಟ್ಟು ಅದೇ ತಂತಿ ಮೀಟಿ. ಓಪನ್‌ನಲ್ಲಿ ಬೇಗ ಆರಿ ಬಾರ್ ಇಟ್ಟಾಗ ಚೆನ್ನಾಗಿ ಉಳಿದ್ರೆ ತೊಂದ್ರೆ ನಟ್ (ಟ್ಯೂನಿಂಗ್ ಕೀಲಿಗಳ ಕಡೆ ತಂತಿ ಕೂರೋ ತುದಿ) ಕಡೆ, ಯಾಕಂದ್ರೆ ಬಾರ್ ಇಟ್ಟ ತಕ್ಷಣ ಆ ಕಡೆಯ ತುದಿ ಬಾರೇ ಆಗ್ಬಿಡುತ್ತೆ. ಎರಡರಲ್ಲೂ ಆರಿದ್ರೆ ತಂತಿ ಹಳೇದಾಗಿರ್ಬೇಕು ಇಲ್ಲಾ ಚೇಂಜರ್ (ಪೆಡಲ್ ಒತ್ತಿದಾಗ ತಂತಿ ಎಳೆದು ಸಡಿಲಿಸಿ ಸ್ವರ ಬದಲಾಯ್ಸೋ, ಇನ್ನೊಂದು ತುದಿಯ ಯಂತ್ರ) ಕಡೆ ಏನೋ ಇದೆ. ಕೈಯಲ್ಲಿ ಎಲ್ಲಾ ಚೆನ್ನಾಗಿದ್ದು ಆಂಪ್‌ನಲ್ಲಿ ಮಾತ್ರ ಮಂಕು ಅನ್ಸಿದ್ರೆ ಆಗ ಪಿಕಪ್, ಕೇಬಲ್, ವಾಲ್ಯೂಮ್ ಪೆಡಲ್ ಕಡೆ ಹೋಗಿ. ಹೋಲಿಸುವಾಗ ಪಕ್ಕದ ತಂತಿ ಜೊತೆ ಹೋಲಿಸಿ, ದಪ್ಪ ತಂತಿಗೂ ತೆಳ್ಳಗಿನ 3ನೇ ತಂತಿಗೂ ಹೋಲಿಸಿದ್ರೆ ಏನೂ ಗೊತ್ತಾಗಲ್ಲ.

ನಟ್ ಕಡೆ ಇರೋದು ರೋಲರ್‌ಗಳು. ಒಳ್ಳೆ ಗಿಟಾರ್‌ಗಳಲ್ಲಿ ತಂತಿ ದಪ್ಪಕ್ಕೆ ತಕ್ಕ ಹಾಗೆ ರೋಲರ್‌ನಲ್ಲಿ ತಂತಿ ಕೂರೋ ಕಚ್ಚು ಬೇರೆ ಬೇರೆ ಆಳ ಇರುತ್ತೆ, ಎಲ್ಲಾ ತಂತಿಗಳ ಮೇಲ್ಭಾಗ ಒಂದೇ ಮಟ್ಟಕ್ಕೆ ಬರ್ಲಿ ಅಂತ. ಗೇಜ್ (ತಂತಿಯ ದಪ್ಪ) ಬದಲಾಯ್ಸಿ ರೋಲರ್ ಹಾಗೇ ಬಿಟ್ರೆ ತಂತಿ ಕಚ್ಚಿನಲ್ಲಿ ಅಲ್ಲಾಡುತ್ತೆ ಇಲ್ಲಾ ಅಂಚಿನ ಮೇಲೆ ಕೂರುತ್ತೆ, ಸಿತಾರ್ ಥರ ಜುಂಯ್ ಅಂತ ಬರೋದು ಅದಕ್ಕೇ. ರೋಲರ್ ತಿರುಗದೆ ಒಂದೇ ಕಡೆ ಸವೆದು ಚಪ್ಪಟೆ ಆಗಿದ್ರೂ ಅಷ್ಟೇ.

ಇನ್ನು ಚೇಂಜರ್. ಡಿಸೈನ್ ಬದಲಾದ್ರೆ ಟೋನ್ ಬದಲಾಗುತ್ತೆ ಅನ್ನೋದು ನಿಜವಾಗ್ಲೂ ಕಿವಿಗೆ ಸಿಗೋದು ಇಲ್ಲೇ. ಹೆಸರಾಂತ ಸ್ಟೀಲ್ ವಾದಕ ಬಡ್ಡಿ ಎಮನ್ಸ್ ಮೊದಲು ಶಾಟ್ ಜಾಕ್ಸನ್ ಅನ್ನೋ ಇನ್ನೊಬ್ಬ ವಾದಕರ ಜೊತೆ ಸೇರಿ ಶೋ-ಬಡ್ ಅನ್ನೋ ಗಿಟಾರ್ ಕಂಪನಿ ಶುರು ಮಾಡಿದ್ರು, ಆಮೇಲೆ 1960ರ ದಶಕದಲ್ಲಿ ಹೊರಗೆ ಬಂದು ತಮ್ಮದೇ ಹೆಸರಿನ ಗಿಟಾರ್ ತಂದ್ರು, ಅದರ ಪುಶ್-ಪುಲ್ ಚೇಂಜರ್‌ನ ಟೋನ್‌ಗೆ ಜನ ಇವತ್ತಿಗೂ ಹುಚ್ಚಾಗಿದಾರೆ. ಅದರಲ್ಲಿ ತಂತಿ ಸುತ್ತಿ ಹೋಗೋ ಫಿಂಗರ್ ಒಂದೇ ತುಂಡು, ಅದು ನೇರವಾಗಿ ಸ್ಟಾಪ್‌ಗೆ (ಅದನ್ನ ತಡೆದು ನಿಲ್ಲಿಸೋ ಭಾಗಕ್ಕೆ) ಒತ್ತಿಕೊಂಡು ಕೂರುತ್ತೆ, ಹಾಗಾಗಿ ತಂತಿಗೂ ಬಾಡಿಗೂ ಮಧ್ಯೆ ಜಾಯಿಂಟ್ ಕಮ್ಮಿ. ಈಗಿನ ಬಹುಪಾಲು ಗಿಟಾರ್‌ಗಳಲ್ಲಿರೋ ಆಲ್-ಪುಲ್‌ನಲ್ಲಿ ಫಿಂಗರ್ ಜೊತೆ ಇನ್ನೊಂದು ತುಂಡನ್ನ ರಿವೆಟ್ ಹಾಕಿ ಜೋಡಿಸಿರ್ತಾರೆ, ಒಂದು ಸ್ವರ ಏರಿಸೋಕೆ, ಇನ್ನೊಂದು ಇಳಿಸೋಕೆ, ಇಳಿಸೋ ತುಂಡನ್ನ ಸ್ಪ್ರಿಂಗ್ ವಾಪಸ್ ಎಳೆದು ಹಿಡಿದಿರುತ್ತೆ. ಟ್ಯೂನ್ ಮಾಡೋದು ತುಂಬಾ ಸುಲಭ, ಪೆಡಲ್ ಸೆಟಪ್ ಬದಲಾಯ್ಸೋದೂ ಸುಲಭ, ಪುಶ್-ಪುಲ್ ಹೊಂದಿಸೋದು ಅಂದ್ರೆ ಅರ್ಧ ದಿನದ ತಲೆನೋವು. ಆದ್ರೆ ಆಲ್-ಪುಲ್‌ನಲ್ಲಿ ಆ ರಿವೆಟ್ ಸಡಿಲ ಆದ್ರೆ ಇಲ್ಲಾ ಸ್ಪ್ರಿಂಗ್ ಸೋತಿದ್ರೆ ಫಿಂಗರ್ ಗಟ್ಟಿಯಾಗಿ ಕೂರಲ್ಲ, ಸಸ್ಟೇನೂ ಹೋಗುತ್ತೆ ಟ್ಯೂನಿಂಗೂ ಹೋಗುತ್ತೆ. ಚೆಕ್ ಮಾಡೋಕೆ ಪೆಡಲ್ ಒತ್ತಿ ಸ್ವರ ಏರಿಸುವಾಗ ಎಂಡ್‌ಪ್ಲೇಟ್ ಕಡೆಯಿಂದ ಟಾರ್ಚ್ ಬಿಟ್ಟು ನೋಡಿ, ಇಳಿಸೋ ತುಂಡು ತನ್ನ ಸ್ಟಾಪ್ ಬಿಟ್ಟು ಸ್ವಲ್ಪ ಅಲ್ಲಾಡಿದ್ರೂ ಸ್ಪ್ರಿಂಗ್‌ಗೆ ಬಲ ಸಾಲ್ತಿಲ್ಲ ಅಂತ ಅರ್ಥ. ಹಾಗಂತ ಸಿಕ್ಕಾಪಟ್ಟೆ ಬಿಗಿ ಸ್ಪ್ರಿಂಗ್ ಹಾಕ್ಬೇಡಿ, ಮೊಣಕಾಲಲ್ಲಿ ತಳ್ಳೋ ಲಿವರ್ (knee lever) ಕಲ್ಲಿನಷ್ಟು ಗಟ್ಟಿ ಆಗುತ್ತೆ.

ಫಿಂಗರ್ ಮೇಲ್ಭಾಗನೂ ನೋಡಿ. ಸಾಮಾನ್ಯವಾಗಿ ಅದು ಅಲ್ಯೂಮಿನಿಯಮ್ಮು, ಉಕ್ಕಿನ ತಂತಿ ಉಜ್ಜಿ ಉಜ್ಜಿ ಸಣ್ಣ ಗೆರೆ ಬೀಳುತ್ತೆ. ತಂತಿ ಸಡಿಲ ಮಾಡಿ ಪಕ್ಕಕ್ಕೆ ಸರಿಸಿ ಉಗುರಲ್ಲಿ ಗೀರಿ, ಉಗುರು ಸಿಕ್ಕಿಕೊಂಡ್ರೆ ಗೆರೆ ಆಳ ಆಗಿದೆ. ಆಗ 600 ನಂಬರಿನ ವಾಟರ್ ಪೇಪರ್‌ನಲ್ಲಿ (ನೀರು ಹಾಕಿ ಉಜ್ಜೋ ಸ್ಯಾಂಡ್‌ಪೇಪರ್) ಉಜ್ಜಿ, ಆಮೇಲೆ 1000, 1500, ಕೊನೇಲಿ ಮೆಟಲ್ ಪಾಲಿಶ್. ಇಲ್ಲಿ ಹುಷಾರು, ದುಂಡಗಿರೋ ಮೇಲ್ಮೈ ದುಂಡಗೇ ಉಳೀಬೇಕು, ಚಪ್ಪಟೆ ಮಾಡಿಬಿಟ್ರೆ ತಂತಿ ಎಲ್ಲಿ ಬಿಡ್ಬೇಕೋ ಅಲ್ಲಿ ಬಿಡದೆ ಬಝ್ ಬರುತ್ತೆ. ಪುಡಿ ಒಳಗೆ ಬೀಳದ ಹಾಗೆ ಪಕ್ಕಕ್ಕೆ ಟೇಪ್ ಹಾಕ್ಕೊಳ್ಳಿ. ಫಿಂಗರ್‌ಗಳು ತಿರುಗೋ ಆಕ್ಸಲ್‌ಗೆ ಒಂದು ಹನಿ ತೆಳು ಎಣ್ಣೆ ಸಾಕು, ಜಾಸ್ತಿ ಬಿಟ್ರೆ ಧೂಳು ಹಿಡಿದು ಗ್ರೀಸ್ ಆಗುತ್ತೆ.

ಬಾಡಿ ಎಷ್ಟು ಗಟ್ಟಿ ಅಂತ ನೋಡೋಕೂ ಒಂದು ಸುಲಭ ದಾರಿ ಇದೆ. ಇ9 (E9) ಅನ್ನೋ ಸಾಮಾನ್ಯ ಹತ್ತು ತಂತಿ ಟ್ಯೂನಿಂಗ್‌ನಲ್ಲಿ ಎ ಮತ್ತು ಬಿ ಪೆಡಲ್ 3, 5, 6, 10ನೇ ತಂತಿ ಮಾತ್ರ ಏರಿಸುತ್ತೆ, 4 ಮತ್ತು 8ನೇ ತಂತಿ, ಅಂದ್ರೆ ಎರಡು ಇ ಸ್ವರ, ಹಾಗೇ ಇರ್ಬೇಕು. 4ನೇ ತಂತಿ ಮೀಟಿ ಟ್ಯೂನರ್ ನೋಡ್ತಾ ಎರಡೂ ಪೆಡಲ್ ಒತ್ತಿ. ಮುಳ್ಳು ಕೆಳಗಿಳಿದ್ರೆ ಅದೇ ಕ್ಯಾಬಿನೆಟ್ ಡ್ರಾಪ್, ಎಳೆತಕ್ಕೆ ಕ್ಯಾಬಿನೆಟ್ಟು ಚೇಂಜರ್ರು ಸ್ವಲ್ಪ ಬಾಗಿ ಉಳಿದ ತಂತಿ ಸಡಿಲ ಆಗೋದು. ಎಲ್ಲಾ ಗಿಟಾರ್‌ನಲ್ಲೂ ಸ್ವಲ್ಪ ಇದ್ದೇ ಇರುತ್ತೆ, ಜಾಸ್ತಿ ಇದ್ರೆ ಎಂಡ್‌ಪ್ಲೇಟ್, ಕಾಲು ಕೂರೋ ಜಾಗ, ಕೀಹೆಡ್ (ಟ್ಯೂನಿಂಗ್ ಕೀಲಿಗಳಿರೋ ತುದಿ) ಸ್ಕ್ರೂ ಎಲ್ಲಾ ಒಂದು ಸಲ ಬಿಗಿ ಮಾಡಿ, ಮರ ಒಣಗಿದ ಹಾಗೆಲ್ಲಾ ಅವು ಸಡಿಲ ಆಗ್ತವೆ. 6ನೇ ತಂತಿಗೆ 0.020 ಇಂಚಿನ ಪ್ಲೇನ್ (ಬರೀ ಒಂಟಿ ತಂತಿ) ಹಾಕಿದ್ರೆ ಈ ಡ್ರಾಪ್ ಅದರಲ್ಲಿ ಎದ್ದು ಕಾಣುತ್ತೆ, 0.022 ವೌಂಡ್ (ಮೇಲೆ ಇನ್ನೊಂದು ತಂತಿ ಸುತ್ತಿದ್ದು) ಹಾಕಿದ್ರೆ ಕಮ್ಮಿ, ಆದ್ರೆ ಅದೇ ಸ್ವರ ಏರಿಸೋಕೆ ಪೆಡಲ್ ಜಾಸ್ತಿ ದೂರ ಒತ್ಬೇಕು.

ಸ್ಕೇಲ್ ಉದ್ದ, ಅಂದ್ರೆ ನಟ್‌ನಿಂದ ಚೇಂಜರ್‌ವರೆಗೆ ಕಂಪಿಸೋ ತಂತಿಯ ಉದ್ದ, ಸಾಮಾನ್ಯವಾಗಿ 24 ಅಥವಾ 24.25 ಇಂಚು. ಆ ಕಾಲು ಇಂಚಿಗೆ ಅದೇ ತಂತಿ ಅದೇ ಸ್ವರಕ್ಕೆ ಎಳೆತ ಶೇ 2ರಷ್ಟು ಏರುತ್ತೆ, ಟೋನ್ ಸ್ವಲ್ಪ ಗಟ್ಟಿ ಅನ್ಸುತ್ತೆ. ಇನ್ನೂ ಉದ್ದ ಮಾಡೋಣ ಅಂದ್ರೆ 3ನೇ ತಂತಿ ಅಡ್ಡ ಬರುತ್ತೆ, 0.011ರ ಆ ಜಿ ಶಾರ್ಪ್ ಪೆಡಲ್ ಒತ್ತಿದಾಗ ಎ ಸ್ವರಕ್ಕೆ ಏರಿ ಉಕ್ಕು ತಡಿಯೋ ಮಿತಿಗೆ ಹತ್ರ ಹೋಗಿರುತ್ತೆ. ತೆಳು ತಂತಿ ಹಾಕಿದ್ರೆ ಬಚಾವ್ ಅಂದ್ಕೋಬೇಡಿ, ಎಳೆತ ಕಮ್ಮಿ ಆದ ಹಾಗೆ ತಂತಿಯ ದಪ್ಪನೂ ಕಮ್ಮಿ ಆಗಿರುತ್ತೆ, ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತೆ.

ಮರ ಹೆಚ್ಚಾಗಿ ಗಟ್ಟಿ ಮೇಪಲ್. ಲ್ಯಾಕರ್ ಬಾಡಿ ಬೆಚ್ಚಗೆ, ಮೈಕಾ ಬಾಡಿ ಚುರುಕು ಅಂತಾರೆ, ಅಲ್ಯೂಮಿನಿಯಂ ನೆಕ್ ಹೊಳಪು, ಮರದ ನೆಕ್ ಮೃದು ಅಂತಾರೆ. ಒಂದೇ ಗಿಟಾರ್‌ನಲ್ಲಿ ಅದೊಂದನ್ನೇ ಬದಲಾಯ್ಸಿ ಕೇಳಿದವ್ರು ಕಮ್ಮಿ, ವಾದ ಮಾಡೋರು ಜಾಸ್ತಿ. ಇಲ್ಲಿ ನೆಕ್ ತಂತಿಯ ಎಳೆತ ಹೊರೋದೇ ಇಲ್ಲ, ಫ್ರೆಟ್ ಅಂದ್ರೆ ಬರೀ ಗುರುತು. ಹಾಗಾಗಿ ನೆಕ್ ಸ್ಕ್ರೂ ಬಿಗಿ ಇದ್ಯಾ ನೋಡಿ, ಮುಂದೆ ಹೋಗಿ.

ಬಾರ್ ಕೂಡ ಒಂದು ತುದಿನೇ ಅಂತ ಮೊದಲೇ ಹೇಳಿದ್ನಲ್ಲ, ಹಾಗಾಗಿ ಅದರ ತೂಕ ಲೆಕ್ಕಕ್ಕೆ ಬರುತ್ತೆ. ಇ9ಗೆ 7/8 ಇಂಚಿನ ದಪ್ಪ ಸಾಮಾನ್ಯ, 15/16 ಇಂಚಿಂದು ಭಾರ, ಸ್ವರ ತುಂಬಿಕೊಂಡು ಬರುತ್ತೆ ಆದ್ರೆ ವೇಗವಾಗಿ ಓಡಿಸೋಕೆ ಕಷ್ಟ. ಒತ್ತೋದು ಬೇಡ, ಬಾರ್ ತನ್ನ ತೂಕದಲ್ಲೇ ಕೂರ್ಲಿ, ಹಿಂದಿನ ಬೆರಳು ಮಾತ್ರ ತಂತಿ ಮೇಲೆ ಮಲಗಿರ್ಲಿ.

ಇಷ್ಟೆಲ್ಲಾ ಆದ್ಮೇಲೆ ಪಿಕಪ್. ತಂತಿಗೆ ತೀರಾ ಹತ್ರ ತಂದ್ರೆ ಮೀಟಿದ ಕ್ಷಣ ಜೋರು, ಆಮೇಲೆ ದಬಕ್ಕಂತ ಬೀಳೋ ಹಾಗೆ ಕೇಳುತ್ತೆ, ಸ್ವಲ್ಪ ಇಳಿಸಿದ್ರೆ ಮಟ್ಟಸ ಆಗುತ್ತೆ. ಇಳಿಸಿ ಆಂಪ್ ಏರಿಸಿ, ಅಷ್ಟೇ. ಸ್ಟೀಲ್‌ನ ಸಿಂಗಲ್ ಕಾಯಿಲ್‌ಗಳನ್ನ ತುಂಬಾ ಸುತ್ತು ಸುತ್ತಿರ್ತಾರೆ, ಹದಿನೈದು ಕಿಲೋ ಓಮ್ ದಾಟಿರೋದು ಮಾಮೂಲು, ಅದಕ್ಕೆ ಉದ್ದ ಕೇಬಲ್ಲು ಪಾಟ್ (ಸದ್ದು ಹೆಚ್ಚು ಕಮ್ಮಿ ಮಾಡೋ ರೆಸಿಸ್ಟರ್) ಇರೋ ವಾಲ್ಯೂಮ್ ಪೆಡಲ್ಲು ಸೇರಿದ್ರೆ ಮೇಲಿನ ಸ್ವರಗಳ ಹೊಳಪು ಅಲ್ಲೇ ತಿಂದು ಹೋಗುತ್ತೆ. ಪಾಟ್ ಸಾಮಾನ್ಯವಾಗಿ 500 ಕಿಲೋ ಓಮ್ ಇರುತ್ತೆ, ಕಮ್ಮಿದು ಹಾಕಿದ್ರೆ ಇನ್ನೂ ಮಂಕು. ಗಿಟಾರ್ ಆದ ತಕ್ಷಣ, ವಾಲ್ಯೂಮ್ ಪೆಡಲ್‌ಗಿಂತ ಮೊದಲು ಒಂದು ಬಫರ್ (ಕೇಬಲ್ಲು ಪಾಟಿನ ಹೊರೆ ಪಿಕಪ್ ಮೇಲೆ ಬೀಳದ ಹಾಗೆ ತಡೆಯೋ ಸಣ್ಣ ಸರ್ಕ್ಯೂಟ್) ಇಟ್ಟು ಕೇಳಿ, ಎಷ್ಟೋ ಸಲ ಪಿಕಪ್ ಖರ್ಚೇ ಉಳಿಯುತ್ತೆ. ಇನ್ನೊಂದು, ನುಡಿಸುವಾಗ ಸ್ವರ ಆರ್ತಾ ಬಂದ ಹಾಗೆ ಬಲಗಾಲು ತಾನಾಗೇ ವಾಲ್ಯೂಮ್ ಏರಿಸ್ತಾ ಹೋಗುತ್ತೆ, ಆ ಅಭ್ಯಾಸ ಇಟ್ಕೊಂಡು ಎರಡು ಪಿಕಪ್ ಹೋಲಿಸಿದ್ರೆ ಕೇಳೋದು ನಿಮ್ಮ ಕಾಲನ್ನ, ಪಿಕಪ್ಪನ್ನಲ್ಲ. ಟೆಸ್ಟ್ ಮಾಡುವಾಗ ಕೇಬಲ್ ನೇರ ಆಂಪ್‌ಗೆ ಹಾಕಿ, ವಾಲ್ಯೂಮ್ ಪೆಡಲ್ ತೆಗೆದು ಪಕ್ಕಕ್ಕಿಡಿ.