ಕಿಟಕಿ ಗಾಜಿನ ಹಳೇ ಫಿಲ್ಮ್ ಕೀಳೋದು ಹೇಗೆ (ಅಂಟು ಗಾಜಲ್ಲೇ ಉಳೀದ ಹಾಗೆ)

ಯಾವಾಗಲೋ ಬಿಸಿಲು ತಡೀಲಿ ಅಂತ ಅಂಟಿಸಿದ ಫಿಲ್ಮು, ಈಗ ನೋಡಿದ್ರೆ ನೇರಳೆ ಬಣ್ಣಕ್ಕೆ ತಿರುಗಿದೆ, ಅಲ್ಲಲ್ಲಿ ಗುಳ್ಳೆ ಎದ್ದಿದೆ, ಮೂಲೇಲಿ ಸುರುಳಿ ಸುತ್ಕೊಂಡಿದೆ. ಬಿಸಿಲಿಗೆ ಅದರೊಳಗಿನ ಡೈ ಹಾಳಾಗಿ ಹೀಗಾಗುತ್ತೆ, ತೊಳೆದ್ರೆ ಹೋಗಲ್ಲ, ಕೀಳಲೇಬೇಕು. ಆ ಮೂಲೆ ಹಿಡಿದು ಪರ್ ಅಂತ ಎಳೆಯೋಣ ಅನ್ಸುತ್ತಲ್ಲ, ದಯವಿಟ್ಟು ಬೇಡ. ನಾನು ಮೊದಲನೇ ಕಿಟಕಿಗೆ ಅದನ್ನೇ ಮಾಡಿದ್ದು. ಹಳೇ ಫಿಲ್ಮ್ ಒಂದೇ ಪದರ ಇರಲ್ಲ ಸುಮಾರು ಸಲ, ಜೋರಾಗಿ ಎಳೆದ್ರೆ ಮೇಲಿನ ಪದರ ಮಾತ್ರ ಕೈಗೆ ಬಂದು ಕೆಳಗಿಂದು ಅಂಟಿನ ಸಮೇತ ಗಾಜಲ್ಲೇ ಕೂತ್ಕೊಳ್ಳುತ್ತೆ. ಕಿತ್ತಿದ್ದು ಐದು ನಿಮಿಷ, ಆಮೇಲೆ ಅಂಟು ಕೆರೆದಿದ್ದು ಅರ್ಧ ದಿನ. ಅಂಟೂ ಫಿಲ್ಮ್ ಜೊತೇಲೇ ಬರೋ ಹಾಗೆ ನೋಡ್ಕೊಂಡ್ರೆ ಮುಕ್ಕಾಲು ಕೆಲಸ ಮುಗೀತು ಅನ್ಕೊಳ್ಳಿ.

ಮೊದಲು ಒಂದು ಮೂಲೇನ ಉಗುರಲ್ಲಿ ಎಬ್ಬಿಸಿ ನೋಡಿ. ಅಂಟೇ ಇಲ್ದೆ ಸಲೀಸಾಗಿ ಬಂದ್ರೆ ಅದು ಸ್ಟ್ಯಾಟಿಕ್ ಫಿಲ್ಮ್, ಎಳೆದು ಸುತ್ತಿಟ್ರೆ ಆಯ್ತು, ಇಲ್ಲಿಗೇ ಓದೋದು ನಿಲ್ಲಿಸಬಹುದು. ಇನ್ನೊಂದು, ನಿಮ್ಮದು ನಿಜವಾದ ಗಾಜೇನಾ ಅಂತ ನೋಡಿ. ಉಗುರಲ್ಲಿ ಕುಟ್ಟಿದಾಗ ಮಂದವಾಗಿ ಸದ್ದು ಬಂದ್ರೆ ಅಕ್ರಿಲಿಕ್ ಥರದ ಪ್ಲಾಸ್ಟಿಕ್ ಶೀಟ್ ಇರಬಹುದು, ಅದಕ್ಕೆ ಬ್ಲೇಡೂ ಬೇಡ, ಅಸಿಟೋನೂ (ಎಷ್ಟೋ ನೇಲ್ ಪಾಲಿಶ್ ರಿಮೂವರಲ್ಲಿ ಇರೋದು) ಬೇಡ.

ಬೇಕಾಗೋದು ಜಾಸ್ತಿ ಏನಿಲ್ಲ: ಸ್ಪ್ರೇ ಬಾಟಲ್, ಪಾತ್ರೆ ತೊಳೆಯೋ ಲಿಕ್ವಿಡ್, ಹೇರ್ ಡ್ರೈಯರ್, ಪ್ಲಾಸ್ಟಿಕ್ ಸ್ಕ್ರೇಪರ್, ಹೊಸ ಬ್ಲೇಡ್ ಎರಡು ಮೂರು, ಒಂದು ದೊಡ್ಡ ಕಸದ ಕವರ್, ಹಳೇ ಟವೆಲ್. ಟವೆಲ್‌ನ ಕಿಟಕಿ ಕೆಳಗೆ ಹಾಸಿ, ಇಲ್ದಿದ್ರೆ ಅಂಟು ಚೂರು ಚಪ್ಪಲಿಗೆ ಮೆತ್ಕೊಂಡು ಮನೆಯೆಲ್ಲಾ ಓಡಾಡುತ್ತೆ.

ಫಿಲ್ಮ್ ಇನ್ನೂ ಗಟ್ಟಿಯಾಗಿದ್ರೆ ಬಿಸಿ ಮಾಡಿ ಕೀಳೋದೇ ಒಳ್ಳೇದು. ಮೇಲಿನ ಒಂದು ಮೂಲೆಗೆ ಡ್ರೈಯರ್ ಹಿಡೀರಿ, ಒಂದು ಗೇಣಿಗಿಂತ ಸ್ವಲ್ಪ ಹತ್ತಿರ, ಒಂದೇ ಕಡೆ ನಿಲ್ಲಿಸಬೇಡಿ, ಆಡಿಸ್ತಾನೇ ಇರಿ, ಯಾಕಂದ್ರೆ ಒಂದೇ ಜಾಗ ಕಾದು ಪಕ್ಕದ್ದು ತಣ್ಣಗಿದ್ರೆ ಗಾಜು ಸೀಳೋ ಚಾನ್ಸ್ ಇದೆ, ಮೊದಲೇ ಬಿರುಕು ಇರೋ ಗಾಜಿಗಂತೂ ಬಿಸಿ ತೋರಿಸಲೇಬೇಡಿ. ಮುಟ್ಟಿದ್ರೆ ಬೆಚ್ಚಗೆ ಅನ್ನಿಸಿದಾಗ ಬ್ಲೇಡ್‌ನ ತುದಿಯಿಂದ ಮೂಲೆ ಎಬ್ಬಿಸಿ ಎರಡು ಬೆರಳಲ್ಲಿ ಹಿಡ್ಕೊಂಡು ನಿಧಾನಕ್ಕೆ ಎಳೀರಿ. ನಿಧಾನ ಅಂದ್ರೆ ನಿಜವಾಗ್ಲೂ ನಿಧಾನ. ಒಂದು ಕೈಲಿ ಡ್ರೈಯರ್, ಇನ್ನೊಂದು ಕೈಲಿ ಫಿಲ್ಮ್, ಫಿಲ್ಮು ಗಾಜು ಬಿಡೋ ಗೆರೆ ಕಾಣುತ್ತಲ್ಲ, ಗಾಳಿ ಸರಿಯಾಗಿ ಅಲ್ಲಿಗೇ ಬೀಳ್ತಾ ಇರಬೇಕು. ಆ ಗೆರೇಲಿ ಅಂಟು ಸಣ್ಣ ಸಣ್ಣ ನೂಲಿನ ಥರ ಎಳೀತಾ ಇದ್ರೆ ಇನ್ನೂ ಬಿಸಿ ಸಾಲದು ಅಂತ, ಒಂದು ನಿಮಿಷ ಕಾಯಿರಿ. ಗಾಜು ಹಿಂದೆ ಸ್ವಚ್ಛ ಕಾಣ್ತಿದ್ರೆ ಅದೇ ಸ್ಪೀಡಲ್ಲಿ ಮುಂದುವರೀರಿ. ದೊಡ್ಡ ಕಿಟಕಿ ಆದ್ರೆ ಅಂಗೈ ಅಗಲದ ಪಟ್ಟಿ ಪಟ್ಟಿಯಾಗಿ ಕೀಳಿ, ಪೂರ್ತಿ ಒಂದೇ ಸಲ ಎಳೆಯೋ ಹುಮ್ಮಸ್ಸು ಬೇಡ.

ಫಿಲ್ಮ್ ಒಣಗಿ ಹಪ್ಪಳದ ಥರ ಪುಡಿ ಪುಡಿ ಆಗ್ತಿದ್ರೆ ಬಿಸಿ ಅಷ್ಟು ಕೆಲಸ ಮಾಡಲ್ಲ, ನೆನೆಸ್ಬೇಕು. ಬ್ಲೇಡಿಂದ ಫಿಲ್ಮ್ ಮೇಲೆ ಹಗುರಕ್ಕೆ ಗೀಟು ಹಾಕಿ, ಇಲ್ಲಾಂದ್ರೆ ನೀರು ಒಳಗೆ ಇಳಿಯೋದೇ ಇಲ್ಲ. ಸೋಪು ಬೆರೆಸಿದ ಬಿಸಿನೀರು ಧಾರಾಳವಾಗಿ ಸ್ಪ್ರೇ ಮಾಡಿ, ಮೇಲೆ ಕಸದ ಕವರ್ ಕತ್ತರಿಸಿ ಒತ್ತಿ ಅಂಟಿಸಿ, ನೀರಿಗೇ ಅದು ಗಾಜಿಗೆ ಕಚ್ಕೊಳ್ಳುತ್ತೆ. ಒಂದೆರಡು ಗಂಟೆ ಬಿಡಿ, ಮಧ್ಯೆ ಒಂದ್ಸಲ ಕವರ್ ಎತ್ತಿ ಮತ್ತೆ ನೀರು ಹೊಡೀರಿ. ಕೆಲವರು ಇದಕ್ಕೆ ಅಮೋನಿಯಾ ಹಾಕ್ತಾರೆ, ಕೆಲಸ ಮಾಡುತ್ತೆ ನಿಜ, ಆದ್ರೆ ಮನೆ ಒಳಗೆ ಆ ಘಾಟು ನನಗಂತೂ ಬೇಡ. ಹಾಕೋದೇ ಆದ್ರೆ ಕಿಟಕಿ ಬಾಗಿಲೆಲ್ಲಾ ತೆಗೆದಿಟ್ಟು ಗ್ಲೌಸ್ ಹಾಕ್ಕೊಳ್ಳಿ, ಬ್ಲೀಚ್ ಜೊತೆ ಮಾತ್ರ ಯಾವ ಕಾರಣಕ್ಕೂ ಸೇರಿಸಬೇಡಿ, ವಿಷದ ಗ್ಯಾಸ್ ಬರುತ್ತೆ.

ಎಷ್ಟೇ ಹುಷಾರಾಗಿ ಮಾಡಿದ್ರೂ ಸ್ವಲ್ಪ ಅಂಟು ಉಳಿಯುತ್ತೆ. ಅದಕ್ಕೂ ಮೊದಲು ಸೋಪು ನೀರು, ಪ್ಲಾಸ್ಟಿಕ್ ಸ್ಕ್ರೇಪರ್. ಬಗ್ಗದಿದ್ರೆ ಬ್ಲೇಡ್, ಆದ್ರೆ ಗಾಜು ಪೂರ್ತಿ ಒದ್ದೆ ಇರಬೇಕು, ಬ್ಲೇಡ್ ಹೊಸದಿರಬೇಕು, ಗಾಜಿಗೆ ಆದಷ್ಟು ಮಲಗಿಸಿ ಹಿಡಿದು ಮುಂದಕ್ಕೆ ಮಾತ್ರ ತಳ್ಳಬೇಕು. ಹಿಂದಕ್ಕೆ ಎಳೆದ್ರೆ ಅಡಿಗೆ ಸಿಕ್ಕಿರೋ ಮರಳಿನ ಕಣ ಗೀರು ಹಾಕುತ್ತೆ, ಆ ಗೀರು ಮತ್ತೆ ಹೋಗಲ್ಲ. ಟಫನ್ಡ್ ಗ್ಲಾಸ್ (ಕಾಯಿಸಿ ಗಟ್ಟಿ ಮಾಡಿದ ಗಾಜು) ಅಥವಾ ಕೋಟಿಂಗ್ ಇರೋ ಗಾಜಾದ್ರೆ ಬ್ಲೇಡ್ ಬಿಟ್ಟುಬಿಡಿ. ಆಗ ಐಸೋಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಉಜ್ಜಿ, ಇಲ್ಲಾ ಅಡುಗೆ ಎಣ್ಣೆ ಸವರಿ ಅರ್ಧ ಗಂಟೆ ಬಿಟ್ಟು ಒರೆಸಿ, ಕಷ್ಟದ ಅಂಟೂ ಮೆತ್ತಗಾಗುತ್ತೆ. ಆಲ್ಕೋಹಾಲ್ ಬಳಸುವಾಗ ಹತ್ರ ಬೆಂಕಿ ಇರಬಾರದು, ಡ್ರೈಯರೂ ಆಫ್. ಅಂಟಿಗೆ ನೇಲ್ ಪಾಲಿಶ್ ರಿಮೂವರ್ ಹಾಕೋದಾದ್ರೆ, ಅದು ಚೌಕಟ್ಟಿನ ಪೇಂಟಿಗೆ ತಾಗಿದ್ರೆ ಪೇಂಟೇ ಎದ್ದು ಬರುತ್ತೆ, ಜೋಪಾನ.

ಅಂಟು ಪೂರ್ತಿ ಹೋಯ್ತಾ ಅಂತ ತಿಳ್ಕೊಳ್ಳೋಕೆ ಗಾಜಿನ ಹತ್ರ ಬಾಯಿ ಇಟ್ಟು ಹಾ ಅಂತ ಉಸಿರು ಬಿಡಿ. ಅಂಟಿರೋ ಕಡೆ ಮಬ್ಬು ಬೇರೆ ಥರ ಕೂರುತ್ತೆ, ಅಲ್ಲಿ ಇನ್ನೊಂದು ಕೈ ನೋಡಿ. ಹೊಸ ಫಿಲ್ಮ್ ಹಾಕೋ ಪ್ಲಾನ್ ಇದ್ರೆ ಎಣ್ಣೆ ಜಿಡ್ಡು ಒಂಚೂರೂ ಉಳೀಬಾರದು, ಕೊನೇಗೆ ಸೋಪು ನೀರಲ್ಲಿ ಎರಡು ಸಲ ತೊಳೀರಿ, ಮೂಲೆಗಳನ್ನ ಮರೀಬೇಡಿ, ಅಂಟು ಅಡಗಿ ಕೂರೋದೇ ಅಲ್ಲಿ.