ವರ್ಡ್‌ನಲ್ಲಿ ಉದ್ದ ಪದಗಳಿಗೆ ಒಂದು ಶಾರ್ಟ್‌ಕಟ್

ದಿನಾ ಅರ್ಜಿ, ಪತ್ರ ಟೈಪ್ ಮಾಡುವವರು ವರ್ಡ್‌ನ ಆಟೋಕರೆಕ್ಟ್ ಬಳಸಿ ನೋಡಿ. ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್‌ಗೆ ಹೋಗಿ, ರಿಪ್ಲೇಸ್ ಜಾಗದಲ್ಲಿ 'ಗ್ರಾಪಂ', ವಿತ್ ಜಾಗದಲ್ಲಿ 'ಗ್ರಾಮ ಪಂಚಾಯಿತಿ' ಹಾಕಿ ಆ್ಯಡ್ ಒತ್ತಿ, ಅಷ್ಟೇ. ಆಮೇಲೆ 'ಗ್ರಾಪಂ' ಅಂತ ಬರೆದು ಸ್ಪೇಸ್ ಒತ್ತಿದರೆ ಪೂರ್ತಿ ಪದ ತಾನಾಗೇ ಬರುತ್ತೆ. ಸ್ಪೆಲಿಂಗ್ ತಪ್ಪು ತಿದ್ದೋಕೆ ಮಾಡಿದ ಸೌಲಭ್ಯ ಇದು, ಆದರೆ ಸ್ಪೇಸ್ ಒತ್ತಿದ ತಕ್ಷಣ ಹಿಂದಿನ ಪದ ಪಟ್ಟಿಯಲ್ಲಿದೆಯಾ ಅಂತ ಮಾತ್ರ ನೋಡುತ್ತೆ, ತಪ್ಪೋ ಸರಿಯೋ ಅದಕ್ಕೆ ಗೊತ್ತಿಲ್ಲ. ನಮ್ಮ ಕನ್ನಡದಲ್ಲಿ ಒಂದು ತೊಡಕು ಇದೆ: 'ಗ್ರಾಪಂಗೆ' ಅಂತ ವಿಭಕ್ತಿ ಅಂಟಿಸಿ ಬರೆದರೆ ಅದು ಬೇರೆ ಪದವಾಗಿಬಿಡುತ್ತೆ, ಬಿಚ್ಚಿಕೊಳ್ಳಲ್ಲ. ಮೊದಲು ಸ್ಪೇಸ್ ಒತ್ತಿ, ಪದ ಪೂರ್ತಿ ಬಂದ ಮೇಲೆ ಬ್ಯಾಕ್‌ಸ್ಪೇಸ್ ಹೊಡೆದು 'ಗೆ' ಸೇರಿಸಿ. ಜಾಸ್ತಿ ಬಳಸುವ ರೂಪವಾದರೆ ಅದನ್ನೇ ಇನ್ನೊಂದು ಸಾಲಾಗಿ ಸೇರಿಸಿಬಿಡಿ. ಆದರೆ ನಿಜವಾದ ಪದಗಳನ್ನು ಶಾರ್ಟ್‌ಕಟ್ ಮಾಡಬೇಡಿ. 'ಮನ' ಅಂದರೆ ಮಹಾನಗರ ಪಾಲಿಕೆ ಅಂತ ಕೊಟ್ಟರೆ, ಆಮೇಲೆ 'ಮನ ಮುಟ್ಟುವಂತೆ' ಅಂತ ಬರೆದಾಗ ಪಾಲಿಕೆ ಮುಟ್ಟಿರುತ್ತೆ. (ಹಾಗಾದರೆ ಕೂಡಲೇ ಕಂಟ್ರೋಲ್ ಝಡ್.) ಕನ್ನಡ ಟೈಪಿಂಗ್ ತಂತ್ರಾಂಶವಾದ ನುಡಿಯಲ್ಲಿ ಹಳೇ ಆಸ್ಕಿ ಫಾಂಟ್ ಬಳಸುವವರಿಗೆ ಯೂನಿಕೋಡ್‌ನಲ್ಲಿ ಕೊಟ್ಟ ಸಾಲು ಕೆಲಸ ಮಾಡಲ್ಲ (ಎರಡರಲ್ಲೂ ಅಕ್ಷರಗಳ ಸಂಕೇತ ಬೇರೆ ಬೇರೆ), ನೋಟ್‌ಪ್ಯಾಡ್‌ಗೂ ಬ್ರೌಸರ್‌ಗೂ ಈ ಪಟ್ಟಿ ಬರಲ್ಲ.